ಅಂಪೈರನಿಗೆ ಬಡಿದ ಚೆಂಡು

ರಾಯಚೂರಿನ ಒಂದು ಹೈಸ್ಕೂಲಿನಲ್ಲಿ ನಾನು ಡ್ರಿಲ್ ಮಾಸ್ತರನಾಗಿದ್ದೆ. ಎಪ್ಪತ್ತರ ದಶಕದ ನಡುವಿನಲ್ಲಿ ನೌಕರಿಗೆ ಸೇರಿದವನು. ಆಗ ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇರುತ್ತಿತ್ತು. ಹಿಡಿದ ಹಟ ಬಿಡುವ ಸ್ವಭಾವವೂ ಅಲ್ಲ. ಈ ಎರಡೂ ಸೇರಿ ಒಬ್ಬ ಹುಡುಗನಿಗೆ ಮಾಡಿದ ಅನ್ಯಾಯವನ್ನು, ಅದನ್ನು ಸರಿಪಡಿಸಲು ಹೋಗಿ ಮಾಡಿದ ಇನ್ನೊಂದು ತಪ್ಪನ್ನು ಬರೆಯೋಣವೆಂದು ಕೂತಿದ್ದೇನೆ. ಈಗಲೂ ನೆನೆದರೆ ಮುಖ ಬಿಸಿಯಾಗುತ್ತದೆ.

ಕಬಡ್ಡಿ, ಖೋ ಖೋ ಎಂದರೆ ನನಗೆ ನೀರು ಕುಡಿದಷ್ಟು ಸುಲಭ. ಫುಟ್‌ಬಾಲ್ ಮಾತ್ರ ಗೊತ್ತಿರಲಿಲ್ಲ. ಆದರೆ ಮಾನ್ವಿ, ದೇವದುರ್ಗದ ಹುಡುಗರಿಗೆ ಆಗ ಅದರ ಹುಚ್ಚು ಹಿಡಿದಿತ್ತು. ಹೋದಲ್ಲೆಲ್ಲ "ಸರ, ಬಂದು ಅಂಪೈರ್ ಆಗ್ರಿ" ಅನ್ನುವವರೇ. ಗೊತ್ತಿಲ್ಲ ಎಂದು ಹೇಳುವುದು ನನ್ನ ಜಾತಕದಲ್ಲೇ ಇರಲಿಲ್ಲ. ಹೈದರಾಬಾದಿಗೆ ಹೋದಾಗ ಫುಟ್‌ಪಾತಿನ ಮೇಲೆ ಹಳೆಯ ಪುಸ್ತಕ ಮಾರುವವನ ಹತ್ತಿರ ಒಂದು ಇಂಗ್ಲಿಷ್ ಪುಸ್ತಕ ಸಿಕ್ಕಿತು. ಹಲವು ಆಟಗಳ ನಿಯಮಗಳನ್ನು ಒಂದೇ ಕಡೆ ಕಟ್ಟಿದ್ದು. ರಟ್ಟು ಇರಲಿಲ್ಲ. ಫುಟ್‌ಬಾಲ್ ಎಂದು ದಪ್ಪ ಅಕ್ಷರದಲ್ಲಿ ಹಾಕಿದ್ದ ಎರಡು ಹಾಳೆ ಚೆನ್ನಾಗಿದ್ದವು. ಅದರ ಮುಂದಿನ ಒಂದಷ್ಟು ಹಾಳೆಗಳನ್ನು ಗೆದ್ದಲು ತಿಂದು ಹಾಕಿತ್ತು. ಆಮೇಲೆ ಮತ್ತೆ ಹತ್ತಿಪ್ಪತ್ತು ಹಾಳೆ ಅಚ್ಚುಕಟ್ಟಾಗಿದ್ದವು. ನಡುವೆ ಹೋದದ್ದು ಹೋಯಿತು, ಉಳಿದದ್ದಾದರೂ ಸಿಕ್ಕಿತಲ್ಲ ಎಂದು ತಂದೆ.

ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೆ. ನಿಘಂಟು ಪಕ್ಕದಲ್ಲಿಟ್ಟುಕೊಂಡು ಒಂದು ಬೇಸಿಗೆ ರಜೆ ಪೂರ್ತಿ ಆ ಹಾಳೆಗಳ ಜೊತೆ ಗುದ್ದಾಡಿದೆ. ಒಂದೊಂದು ಸಾಲಿಗೆ ಅರ್ಧ ಅರ್ಧ ದಿನ. ಹೆಂಡತಿ "ಇಷ್ಟು ಓದಿದ್ರ ವಕೀಲಿ ಪರೀಕ್ಷಾನಾದ್ರೂ ಪಾಸಾಗ್ತಿದ್ರಿ" ಎಂದು ಚುಚ್ಚುತ್ತಿದ್ದಳು. ನಾನು ಬಿಡಲಿಲ್ಲ. ಆಟ ಯಾವಾಗ ನಡೆಯುತ್ತಿರುತ್ತದೆ, ಯಾವಾಗ ನಿಲ್ಲುತ್ತದೆ ಎಂಬುದರ ಬಗ್ಗೆಯೇ ಅದರಲ್ಲಿ ಬಹಳ ಇತ್ತು. ನಮ್ಮ ಹುಡುಗರು ಇದನ್ನು ಚಾಲೂ, ಬಂದ್ ಅನ್ನುತ್ತಿದ್ದರು. ಚೆಂಡು ಗೆರೆಗೆ ತಾಕಿದರೂ ಸಾಕು, ಬಂದ್ ಎಂದು ಪುಸ್ತಕ ಹೇಳುತ್ತಿತ್ತು. ನಮ್ಮ ಕಡೆ ಕಬಡ್ಡಿಯಲ್ಲಿ, ಹೆಣ್ಣುಮಕ್ಕಳ ಕುಂಟಾಟದಲ್ಲಿ ಕೂಡ ಗೆರೆ ತುಳಿದರೆ ಔಟೇ. ಇಂಗ್ಲೆಂಡಿನವರೂ ನಮ್ಮ ಹಾಗೇ ಯೋಚಿಸುತ್ತಾರಲ್ಲ ಎಂದು ನನಗೆ ಒಳಗೊಳಗೇ ಖುಷಿ.

ಇನ್ನೊಂದು ನಿಯಮ ಹೀಗಿತ್ತು. ಚೆಂಡು ಅಂಪೈರನಿಗೆ ಬಡಿದರೆ ಆಟ ಚಾಲೂ. ಆದರೆ ಬಡಿದಿದ್ದರಿಂದ ಒಂದು ಕಡೆಯವರಿಗೆ ಲಾಭವಾಯಿತೆಂದು ಅಂಪೈರನಿಗೆ ಅನ್ನಿಸಿದರೆ ಬಂದ್ ಮಾಡಬೇಕು. ಬಂದ್ ಮಾಡಿದ ಮೇಲೆ ಎರಡೂ ಕಡೆಯ ಹುಡುಗರು ಬಗ್ಗಿ, ಹೆಗಲಿಗೆ ಹೆಗಲು ಕೊಟ್ಟು ಒಬ್ಬರನ್ನೊಬ್ಬರು ನೂಕಬೇಕು, ಚೆಂಡನ್ನು ಅವರ ಕಾಲುಗಳ ನಡುವೆ ಉರುಳಿಸಬೇಕು. ಅದಕ್ಕೆ ಒಂದು ಚಿತ್ರವೂ ಇತ್ತು. ನಾನು ಅದಕ್ಕೆ 'ಗುಂಪು' ಎಂದು ಹೆಸರಿಟ್ಟೆ. ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಮಾತು ಬಂದಾಗಲೆಲ್ಲ ಅದು ಗೋಲ್‌ಕೀಪರನ ವಿಷಯವೆಂದು ದಾಟಿಸಿದೆ. ಹೀಗೆ ಮಾನ್ವಿ, ದೇವದುರ್ಗದ ಮೈದಾನಗಳಲ್ಲಿ ಆರು ವರ್ಷ ನಾನು ಸೀಟಿ ಊದಿ "ಗುಂಪು ಹಾಕ್ರೋ!" ಎಂದು ಕೂಗಿದೆ. ಹುಡುಗರು ಹುರುಪಿನಿಂದ ನೂಕಾಡಿದರು. ನೋಡುವವರಿಗೆ ಗೋಲಿಗಿಂತ ಗುಂಪೇ ಹೆಚ್ಚು ಹಿಡಿಸುತ್ತಿತ್ತು. ರಾಯಚೂರಿನ ದೊಡ್ಡ ಆಟಗಳಿಗೆ ನನ್ನನ್ನು ಯಾರೂ ಕರೆಯುತ್ತಿರಲಿಲ್ಲವಾದ್ದರಿಂದ ನಾನು ಸಿಕ್ಕಿಬೀಳದೆ ಉಳಿದುಕೊಂಡೆ.

ಎಂಬತ್ತರ ದಶಕ ಶುರುವಾದ ಹೊಸತರಲ್ಲಿ ತಾಲೂಕು ತಂಡಗಳ ಫೈನಲ್ ದೇವದುರ್ಗದಲ್ಲಿ ಆಯಿತು. ಮಾನ್ವಿ ಒಂದು ಕಡೆ, ದೇವದುರ್ಗ ಒಂದು ಕಡೆ. ಗೆದ್ದ ತಂಡ ಜಿಲ್ಲೆಯ ಪರವಾಗಿ ಗುಲ್ಬರ್ಗಾದ ವಿಭಾಗ ಮಟ್ಟದ ಆಟಕ್ಕೆ ಹೋಗುವುದಿತ್ತು. ದೇವದುರ್ಗದ ತಂಡದಲ್ಲಿ ಜಾಲಹಳ್ಳಿಯ ಒಬ್ಬ ಹುಡುಗನಿದ್ದ. ಹತ್ತೊಂಬತ್ತರ ವಯಸ್ಸು, ಕಡ್ಡಿಯಂಥ ಕಾಲು, ಓಡಿದರೆ ಹಿಡಿಯುವವರಿಲ್ಲ. ಅವನಿಗೆ ಡ್ರಿಲ್ ಮಾಸ್ತರನಾಗುವ ಆಸೆ. ವಿಭಾಗ ಮಟ್ಟದಲ್ಲಿ ಆಡಿದ ಸರ್ಟಿಫಿಕೇಟ್ ಇದ್ದರೆ ತರಬೇತಿ ಕಾಲೇಜಿನಲ್ಲಿ ಸೀಟು ಸಿಗುವಂತಿತ್ತು. ಮುಂದಿನ ವರ್ಷಕ್ಕೆ ಈ ಆಟಗಳಿಗೆ ಅವನ ವಯಸ್ಸು ಮೀರುತ್ತಿತ್ತು. ಅಂದರೆ ಅವನಿಗಿದ್ದದ್ದು ಅದೊಂದೇ ಆಟ. ಇದೆಲ್ಲ ನನಗೆ ಗೊತ್ತಿತ್ತು, ಏಕೆಂದರೆ ಆಟಕ್ಕೆ ಮೊದಲು ನೀರು ತಂದುಕೊಟ್ಟು ಅವನೇ ಹೇಳಿದ್ದ.

ಮಾನ್ವಿ ಒಂದು ಗೋಲು ಹೊಡೆದಿತ್ತು. ಆಟ ಮುಗಿಯಲು ಐದೋ ಆರೋ ನಿಮಿಷ ಇತ್ತು. ಮಾನ್ವಿಯ ಒಬ್ಬ ಹುಡುಗ ತನ್ನ ಗೋಲಿನ ಮುಂದಿನಿಂದ ಚೆಂಡನ್ನು ಜೋರಾಗಿ ಒದ್ದ. ನಾನು ದಾರಿಯಲ್ಲಿದ್ದೆ. ಚೆಂಡು ನನ್ನ ಮೊಣಕಾಲಿಗೆ ಬಡಿದು ಜಾಲಹಳ್ಳಿಯವನ ಕಾಲ ಬಳಿ ಬಿತ್ತು. ಅವನು ಒದ್ದ, ಚೆಂಡು ಗೋಲಿನೊಳಗೆ ಹೋಯಿತು. ನಾನು ಸೀಟಿ ಊದಿದೆ. ಊದಿದ್ದು ಮೊದಲೋ ಅವನು ಒದ್ದಿದ್ದು ಮೊದಲೋ, ಎಲ್ಲ ಕಣ್ಣು ಮಿಟುಕಿಸುವುದರಲ್ಲಿ ಆಯಿತು. "ಲಾಭ ಆತು, ಬಂದ್! ಗುಂಪು ಹಾಕ್ರೋ!" ಎಂದು ಕೂಗಿದೆ.

ಅವನು ನನ್ನ ಮುಂದೆ ಬಂದು ನಿಂತ. ಉಸಿರು ಏರಿತ್ತು.

"ಸರ, ಹೋದ ಆಟದಾಗ ನಿಮ್ಮ ಬೆನ್ನಿಗಿ ಬಡಿದಾಗ ಚಾಲೂ ಅಂದ್ರಿ. ಇವತ್ಯಾಕ್ರಿ ಬಂದ್?"

"ಅವತ್ತು ಯಾರಿಗೂ ಲಾಭ ಆಗಿದ್ದಿಲ್ಲ."

"ಲಾಭ ಆತೋ ಇಲ್ಲೋ ಅಂತ ಚೆಂಡಿಗೇನ್ ಗೊತ್ರೀ?"

ಸುತ್ತ ನಿಂತವರು ನಕ್ಕುಬಿಟ್ಟರು. ಅಷ್ಟೇ ಸಾಕಾಯಿತು ನನಗೆ. "ಲೇ, ಪುಸ್ತಕ ಓದಿದವ ನಾನೋ ನೀನೋ? ನಡಿ ಹಿಂದ!" ಎಂದು ಗದರಿದೆ. ಗುಂಪು ಹಾಕಿಸಿದೆ, ಚೆಂಡು ಮಾನ್ವಿಯವರಿಗೆ ಹೋಯಿತು, ಆಟ ಮುಗಿಯಿತು, ಮಾನ್ವಿ ಗೆದ್ದಿತು. ಅಂದು ಬರೆದ ವರದಿಯಲ್ಲಿ ಅವನ ಹೆಸರಿನ ಮುಂದೆ 'ಅಂಪೈರನಿಗೆ ಎದುರುತ್ತರ ಕೊಡುತ್ತಾನೆ, ಶಿಸ್ತಿಲ್ಲ' ಎಂದೂ ಸೇರಿಸಿದೆ. ಬರೆದು ಸಹಿ ಹಾಕುವಾಗ ಒಂದು ಚೂರೂ ಅಳುಕಲಿಲ್ಲ.

ನಾಲ್ಕೈದು ದಿನದ ಮೇಲೆ ರಾಯಚೂರು ಸ್ಟೇಷನ್ನಿನ ಹೊರಗೆ ಚಹಾ ಕುಡಿಯುತ್ತ ಒಬ್ಬ ರೈಲ್ವೆ ಗಾರ್ಡ್ ಸಾಹೇಬರಿಗೆ ಈ ಕತೆಯನ್ನು ಹೆಮ್ಮೆಯಿಂದಲೇ ಹೇಳಿದೆ. ಅವರು ನನಗಿಂತ ಹತ್ತು ವರ್ಷ ಹಿರಿಯರು, ಸಿಕಂದರಾಬಾದಿನಲ್ಲಿ ಫುಟ್‌ಬಾಲ್ ಆಡಿ ಬೆಳೆದವರು, ಈಚೆಗಷ್ಟೇ ನಮ್ಮೂರಿಗೆ ವರ್ಗವಾಗಿ ಬಂದಿದ್ದರು. ಗುಂಪಿನ ಮಾತು ಬರುತ್ತಿದ್ದಂತೆ ಅವರು ಕಪ್ಪು ಕೆಳಗಿಟ್ಟು "ಕ್ಯಾ? ಏನ್ ಹಾಕಿಸ್ತೀರಿ?" ಎಂದರು. ನಾನು ಚೀಲದಿಂದ ಪುಸ್ತಕ ತೆಗೆದು ಚಿತ್ರ ತೋರಿಸಿದೆ. ನೋಡಿ, ಹಾಳೆ ತಿರುವಿ, ಮತ್ತೆ ನೋಡಿ ಅವರು ನಗತೊಡಗಿದರು. ಹೊಟ್ಟೆ ಹಿಡಿದುಕೊಂಡು ನಕ್ಕರು.

"ಅರೇ ಮಾಸ್ತರ್ ಸಾಬ್, ಇದು ರಗ್ಬಿ! ತತ್ತಿಯಂಗಿರೋ ಚೆಂಡು ಹಿಡ್ಕೊಂಡು ಓಡೋ ಆಟ. ಸಿಕಂದರಾಬಾದ್‌ದಾಗ ಮಿಲಿಟ್ರಿಯವ್ರು ಆಡ್ತಿದ್ರು, ನಾ ಕಣ್ಣಾರೆ ನೋಡೀನಿ. ನಿಮ್ಮ ಫುಟ್‌ಬಾಲ್ ಹಾಳಿ ಎಲ್ಲಾ ಗೆದ್ದಲ ಹೊಟ್ಟ್ಯಾಗ ಅವ."

ನನಗೆ ನಗು ಬರಲಿಲ್ಲ. "ಹಂಗಾದ್ರ ಅಂಪೈರಿಗಿ ಬಡಿದ್ರ?" ಎಂದು ಕೇಳಿದೆ.

"ಚಾಲೂ. ಲಾಭ ಆಗ್ಲಿ, ನುಕ್ಸಾನ್ ಆಗ್ಲಿ. ಗೋಲಿನ ಕಂಬಕ್ಕ ಬಡಿದು ಬಂದ್ರ ನಿಲ್ಲಿಸ್ತೀರೇನು? ಮೈದಾನದಾಗ ನೀವೂ ಒಂದು ಕಂಬ."

"ಗೆರಿ ಮ್ಯಾಲಿದ್ರ?"

"ಅದೂ ಚಾಲೂ. ಚೆಂಡು ಪೂರಾ ಆಚಿ ಹೋದ್ರೇ ಬಂದ್."

ಚಹಾ ಅಲ್ಲೇ ಬಿಟ್ಟು ಎದ್ದೆ. ಮನೆಗೆ ಬಂದು ಪಡಸಾಲೆಯಲ್ಲಿ ಅತ್ತಿಂದಿತ್ತ ಓಡಾಡಿದೆ. ಆರು ವರ್ಷ! ಎಷ್ಟು ಆಟ, ಎಷ್ಟು ಹುಡುಗರು! ಆದರೆ ಉಳಿದದ್ದೆಲ್ಲ ಮುಗಿದುಹೋದ ಮಾತು, ಜಾಲಹಳ್ಳಿಯವನದು ಇನ್ನೂ ಮುಗಿದಿರಲಿಲ್ಲ. ಗುಲ್ಬರ್ಗಾಕ್ಕೆ ಪಟ್ಟಿ ಹೋಗಲು ಇನ್ನೂ ಹತ್ತು ದಿನ ಇತ್ತು. ಅವನ ಗೋಲು ಅವನಿಗೆ ಕೊಡಿಸಿಯೇ ತೀರುತ್ತೇನೆ ಎಂದು ಹೆಂಡತಿಯ ಮುಂದೆ ಹೇಳಿದೆ. "ನಿಮ್ಮ ಮಾನ?" ಎಂದಳು. "ಹಾಳಾಗಿ ಹೋಗ್ಲಿ" ಎಂದೆ. ಅವಳು ಬುತ್ತಿ ಕಟ್ಟಿದಳು.

ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಮಾನ್ವಿಯ ಬಸ್ಸು ಹಿಡಿದೆ. ಕ್ರೀಡಾ ಸಮಿತಿಯ ಅಧ್ಯಕ್ಷರು ಅಲ್ಲಿದ್ದರು. ನಿವೃತ್ತ ಹೆಡ್‌ಮಾಸ್ತರರು, ಮಾತು ಕಡಿಮೆ, ನೋಟ ಜಾಸ್ತಿ. ಹೋಗುವಾಗ ದಾರಿಯುದ್ದಕ್ಕೂ ಒಂದೇ ಯೋಚನೆ. ಚೆಂಡು ಚಾಲೂ ಇತ್ತು, ಸರಿ. ಆದರೆ ತಪ್ಪಾಗಿ ಊದಿದರೂ ಸೀಟಿ ಸೀಟಿಯೇ, ಊದಿದ ಕೂಡಲೇ ಆಟ ನಿಲ್ಲುತ್ತದೆ. ಸೀಟಿ ಮೊದಲಾಗಿದ್ದರೆ ಗೋಲಿಲ್ಲ. ಗೋಲು ಮೊದಲಾಗಿದ್ದರೆ ಗೋಲುಂಟು, ಆಟ ಸಮ, ಮತ್ತೆ ಆಡಿಸಬೇಕು. ಯಾವುದು ಮೊದಲು? ರಾಯಚೂರು ಬಿಡುವಾಗ ನನಗೆ ಖಾತ್ರಿ ಇರಲಿಲ್ಲ. ಮಾನ್ವಿ ಬರುವ ಹೊತ್ತಿಗೆ ಗೋಲೇ ಮೊದಲು ಎಂದು ನನಗೆ ನಾನೇ ಹೇಳಿಕೊಂಡು ಹೇಳಿಕೊಂಡು ಗಟ್ಟಿ ಮಾಡಿಕೊಂಡಿದ್ದೆ.

ಅಧ್ಯಕ್ಷರು ಕಟ್ಟೆಯ ಮೇಲೆ ಕೂತಿದ್ದರು. ರಗ್ಬಿ, ಗೆದ್ದಲು, ಗುಂಪು ಎಲ್ಲ ಹೇಳಿದೆ. ನಗಲಿಲ್ಲ ಪುಣ್ಯಾತ್ಮರು.

"ಸೀಟಿ ಮೊದಲೋ ಗೋಲ್ ಮೊದಲೋ?" ಅಷ್ಟೇ ಕೇಳಿದರು.

"ಗೋಲ್ ಮೊದಲ್ರಿ."

"ಬರದು ಕೊಡ್ರಿ."

ಬರೆದು ಕೊಟ್ಟೆ. ಓದಿ ಮಡಚಿಟ್ಟು "ನಾಳಿ ಆ ಹುಡುಗನ್ನ ಕರ್ಕೊಂಡು ಬರ್ರಿ. ಅವನೂ ಒಂದು ಮಾತು ಹೇಳ್ಲಿ" ಎಂದರು.

ಅಂದು ಮಾನ್ವಿಯಲ್ಲೇ ಪರಿಚಯದವರ ಮನೆಯಲ್ಲಿ ಉಳಿದು ಬೆಳಿಗ್ಗೆ ಮೊದಲ ಬಸ್ಸಿಗೆ ಸಿರವಾರ, ಅಲ್ಲಿಂದ ದೇವದುರ್ಗ, ಅಲ್ಲಿಂದ ಜಾಲಹಳ್ಳಿ. ಹುಡುಗ ಹೊಲದಲ್ಲಿ ಶೇಂಗಾ ಕೀಳುತ್ತಿದ್ದ. ನನ್ನನ್ನು ಕಂಡು ಎದ್ದು ನಿಂತ, ಕೈಮುಗಿಯಲಿಲ್ಲ. ಅವನ ತಾಯಿಯೇ ಸೆರಗು ಸರಿಮಾಡಿಕೊಂಡು ಹತ್ತಿರ ಬಂದಳು.

"ಯಪ್ಪಾ, ಏನರ ಮಾಡಿ ನನ್ನ ಮಗನ ಹೆಸರು ಬರೀರಿ. ಈ ವರ್ಷ ದಾಟಿದ್ರ ವಯಸ್ಸು ಮುಗೀತದಂತ."

"ಅದಕ್ಕಂತನಾ ಬಂದೀನಿ ಯವ್ವಾ" ಎಂದೆ.

ವಾಪಸು ಬರುವಾಗ ಬಸ್ಸಿನಲ್ಲಿ ನಡೆದದ್ದನ್ನೆಲ್ಲ ಅವನಿಗೆ ಹೇಳಿದೆ. ತಪ್ಪು ನನ್ನದು ಎಂದೂ ಹೇಳಿದೆ. ಒಬ್ಬ ವಿದ್ಯಾರ್ಥಿ ವಯಸ್ಸಿನ ಹುಡುಗನಿಗೆ ಹಾಗೆ ಹೇಳಿದ್ದು ನನ್ನ ಆಯುಷ್ಯದಲ್ಲೇ ಮೊದಲು. ಅವನು ಕಿಟಕಿಯ ಕಡೆ ನೋಡುತ್ತ "ಹೋಗ್ಲಿ ಬಿಡ್ರಿ ಸರ" ಎಂದ. ಸಿರವಾರದಲ್ಲಿ ಬಸ್ಸು ಬದಲಿಸುವಾಗ ಅವನಿಗೆ ಬಜ್ಜಿ ಕೊಡಿಸಿ ಮೆಲ್ಲಗೆ ಅಂದೆ, "ಸೀಟಿ ಮೊದಲೋ ಗೋಲ್ ಮೊದಲೋ ಅಂತ ಕೇಳ್ತಾರ. ಗೋಲ್ ಮೊದಲು ಅನ್ನು. ನಾನೂ ಹಂಗೇ ಬರದು ಕೊಟ್ಟೀನಿ." ಅವನು ಬಜ್ಜಿ ತಿನ್ನುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದ. ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ನಾನು ಅದನ್ನು ಹೂಂ ಎಂದೇ ತಿಳಿದೆ.

ಮಾನ್ವಿ ತಲುಪಿದಾಗ ಇಳಿಹೊತ್ತು. ಅಧ್ಯಕ್ಷರು ನಮ್ಮಿಬ್ಬರನ್ನೂ ಕೂರಿಸಿ ನೀರು ಕೊಡಿಸಿದರು. ಆಮೇಲೆ ಅವನನ್ನು ಕೇಳಿದರು.

"ತಮ್ಮಾ, ಸೀಟಿ ಮೊದಲು ಕೇಳಿಸ್ತೋ, ಚೆಂಡು ಮೊದಲು ಒದ್ದಿಯೋ?"

ಅವನು ತಲೆ ತಗ್ಗಿಸಿ ಕೂತ. ಹೇಳೋ, ಹೇಳಿಬಿಡೋ ಎಂದು ಒಳಗೇ ಬಡಬಡಿಸಿದೆ.

"ಸೀಟಿ ಮೊದಲ್ರಿ" ಎಂದ. "ಸೀಟಿ ಕೇಳಿ ಸಿಟ್ಟು ಬಂತು. ಆ ಸಿಟ್ಟಿನಾಗ ಒದ್ದೀನ್ರಿ. ಮಾನ್ವಿ ಹುಡುಗರು ನಿಂತುಬಿಟ್ಟಿದ್ರು, ಅದಕ್ಕಾ ಒಳಗ ಹೋತು."

ಅಯ್ಯೋ ದೇವರೇ ಎಂದುಕೊಂಡೆ. ಅಧ್ಯಕ್ಷರು ನನ್ನ ಕಡೆ ತಿರುಗಿದರು. ನಾನು ನಿನ್ನೆ ಬರೆದುಕೊಟ್ಟ ಚೀಟಿಯನ್ನು ಬಿಚ್ಚಿ ನನ್ನ ಮುಂದೆ ಇಟ್ಟರು. ಅದರಲ್ಲಿ ನನ್ನ ಸಹಿ ದೊಡ್ಡದಾಗಿ ಕಾಣುತ್ತಿತ್ತು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

"ಮಾಸ್ತರ, ಕಾಯ್ದೆ ಗೊತ್ತಿಲ್ಲದ ತಪ್ಪು ಮಾಡಿದ್ರಿ. ಅದು ಮನುಷ್ಯರು ಮಾಡೋದೇ. ಇದು?"



ಅವರು ಒಳಗಿನಿಂದ ಫೈನಲ್ಲಿನ ವರದಿಯನ್ನೂ ತರಿಸಿದರು. 'ಶಿಸ್ತಿಲ್ಲ' ಎಂದು ನಾನು ಬರೆದ ಸಾಲಿನ ಮೇಲೆ ಬೆರಳಿಟ್ಟು ಓದಿದರು, ಹುಡುಗನ ಮುಖ ನೋಡಿದರು. ಆಮೇಲೆ ಪೆನ್ನು ತೆಗೆದು ಆ ಸಾಲಿಗಲ್ಲ, ಇಡೀ ವರದಿಗೇ ಮೂಲೆಯಿಂದ ಮೂಲೆಗೆ ಗೆರೆ ಎಳೆದರು.

"ಸೀಟಿ ಮೊದಲಾದ್ರ ಗೋಲಿಲ್ಲ. ಅದು ಕಾಯ್ದೆ. ಆದರ ಸುಳ್ಳು ಬರಿಯೋ ಅಂಪೈರನ ವರದಿ ಮ್ಯಾಲ ನಾ ಯಾವ ತಂಡಾನೂ ಗೆದ್ದದಂತ ಬರಿಯಂಗಿಲ್ಲ. ಬರೋ ಭಾನುವಾರ ಮತ್ತ ಆಡ್ಲಿ, ಇಲ್ಲೇ. ಆ ಗಾರ್ಡ್ ಸಾಹೇಬರಿಗಿ ಹೇಳಿ ಕಳಸ್ರಿ, ಅವರು ಅಂಪೈರ್. ನೀವು ಇನ್ನ ಸಮಿತಿ ಆಟಕ್ಕ ಸೀಟಿ ಹಿಡೀಬ್ಯಾಡ್ರಿ."

ಗೆದ್ದ ತಂಡ ಅವರದೇ ಊರಿನದು. ಆದರೂ ಆ ಗೆಲುವನ್ನೇ ಕಿತ್ತು ಎಸೆದರು. ನನಗೆ ಅವಮಾನ, ಅದರ ಜೊತೆಗೇ ಸಮಾಧಾನ. ಆಟ ಮತ್ತೆ ಆಡುತ್ತಾರೆ ಎಂದು ಕಣ್ಣಲ್ಲಿ ನೀರು ಬಂತು.

ಆದರೂ ರಸ್ತೆಗೆ ಬಂದ ಕೂಡಲೇ ಹುಡುಗನ ಮೇಲೆ ಹರಿಹಾಯ್ದೆ. "ಏನೋ ನೀನು? ಅವರು ಫೈನಲ್ಲೇ ಖಾಯಂ ಅಂದಿದ್ರ ಏನ್ ಮಾಡ್ತಿದ್ದಿ? ಒಂದು ಮಾತು, ಒಂದೇ ಮಾತು ಹೇಳಾಕ ಏನಾಗಿತ್ತು?"

"ಕೇಳಿಸಿದ್ದು ಕೇಳಿಸಿಲ್ಲಂತ ಹೆಂಗ ಅನ್ಲಿ ಸರ?" ಎಂದ. ಅವನಿಗೆ ಸಿಟ್ಟೂ ಇರಲಿಲ್ಲ.

ಆ ವಾರ ನಾನು ನಿದ್ದೆಗೆಟ್ಟವನಂತೆ ಕೆಲಸ ಮಾಡಿದೆ. ಗಾರ್ಡ್ ಸಾಹೇಬರನ್ನು ಒಪ್ಪಿಸಿದೆ. ಅವರ ಡ್ಯೂಟಿ ಬದಲಾಯಿಸಿಕೊಡಲು ಸ್ಟೇಷನ್ನಿಗೆ ಮೂರು ಸಲ ಎಡತಾಕಿದೆ. ಅವರ ಎದುರು ಕೂತು ನಿಜವಾದ ನಿಯಮಗಳನ್ನು ಕನ್ನಡದಲ್ಲಿ ಬರೆದುಕೊಂಡು ಎರಡು ಪ್ರತಿ ಮಾಡಿದೆ. ಶಾಲೆ ಬಿಟ್ಟ ಮೇಲೆ ಒಂದು ದಿನ ದೇವದುರ್ಗಕ್ಕೆ, ಇನ್ನೊಂದು ದಿನ ಮಾನ್ವಿಗೆ ಹೋಗಿ ಎರಡೂ ತಂಡಗಳ ಮುಂದೆ ನಿಂತು ಓದಿದೆ. "ಆರು ವರ್ಷ ನಿಮಗ ನಾ ಕಲಿಸಿದ್ದು ಬ್ಯಾರೆ ಆಟ. ಇದು ನಿಮ್ಮ ಆಟ" ಎಂದೆ. ಮಾನ್ವಿಯ ಹುಡುಗರು ಕೇಕೆ ಹಾಕಿ ನಕ್ಕರು. "ಸರ, ಹಂಗಾದ್ರ ಗುಂಪು ಇಲ್ಲೇನ್ರಿ?" ಎಂದು ಒಬ್ಬ ಬೇಜಾರಿನಿಂದ ಕೇಳಿದ. ನಗಲಿ ಎಂದು ನಿಂತೇ ಇದ್ದೆ, ಕೊನೆಯ ಸಾಲಿನವರೆಗೂ ಓದಿದೆ.

ಭಾನುವಾರ ಮಾನ್ವಿಯ ಮೈದಾನದಲ್ಲಿ ಜನ ಕಿಕ್ಕಿರಿದಿದ್ದರು. ಬಾಗಲವಾಡದಿಂದ ಎತ್ತಿನಗಾಡಿ ಕಟ್ಟಿಕೊಂಡು ಬಂದವರೂ ಇದ್ದರು. ನಾನು ಅವರ ನಡುವೆ, ಗೆರೆಯ ಹೊರಗೆ ನಿಂತೆ. ಕೈ ಖಾಲಿ ಖಾಲಿ ಅನ್ನಿಸುತ್ತಿತ್ತು. ಗಾರ್ಡ್ ಸಾಹೇಬರು ಒಂದೇ ಒಂದು ಸಲ ಕೂಡ ಗೊಂದಲವಾಗದ ಹಾಗೆ ಆಡಿಸಿದರು. ಜಾಲಹಳ್ಳಿಯವನು ಶುರುವಿನಲ್ಲೇ ಒಂದು ಗೋಲು ಹೊಡೆದ. ನಾನು ಕುಣಿದುಬಿಟ್ಟೆ. ಮಾನ್ವಿ ಒಂದು ಹೊಡೆದು ಸಮ ಮಾಡಿತು. ಮುಗಿಯುವ ಹೊತ್ತಿಗೆ ಇನ್ನೊಂದು ಹೊಡೆಯಿತು. ಎರಡೂ ನ್ಯಾಯವಾದ ಗೋಲುಗಳು. ದೇವದುರ್ಗ ಸೋತಿತು.

ಅವನು ಮೈದಾನದ ನಡುವೆ ಸ್ವಲ್ಪ ಹೊತ್ತು ಕುಕ್ಕರುಗಾಲಿನಲ್ಲಿ ಕೂತಿದ್ದ. ಆಮೇಲೆ ಎದ್ದು ಮಾನ್ವಿಯ ಹುಡುಗರ ಕೈಕುಲುಕಿ ನೇರ ನನ್ನ ಹತ್ತಿರ ಬಂದ. ನಾನು ತಯಾರಾಗಿ ನಿಂತೆ. ಬೈದರೆ ಬೈಯಲಿ, ಹೊಡೆದರೂ ಹೊಡೆಯಲಿ. ಇವನ ಸರ್ಟಿಫಿಕೇಟ್ ಹೋಯಿತು, ಸೀಟು ಹೋಯಿತು. ಅವತ್ತು ನನ್ನ ಬಾಯಿಗೆ ಸೀಟಿ ಬರದಿದ್ದರೆ ಆ ಐದು ನಿಮಿಷದಲ್ಲಿ ಏನಾಗುತ್ತಿತ್ತೋ ಯಾರು ಕಂಡರು? ಅದು ಇನ್ನು ಯಾವ ಅಂಪೈರನಿಂದಲೂ ತೀರ್ಮಾನವಾಗುವಂಥದ್ದಲ್ಲ. ಕ್ಷಮಿಸಪ್ಪಾ ಎನ್ನಲು ಬಾಯಿ ತೆರೆದೆ, ಅಷ್ಟರಲ್ಲಿ ಅವನೇ ಮಾತಾಡಿದ.

"ಸರ, ಊರಿಗಿ ಬಂದು ಕರ್ಕೊಂಡು ಹೋದ್ರಿ, ಚಲೋ ಆತು" ಎಂದ ಅವನು. "ಇವತ್ತು ಖರೇ ಸೋತೀನ್ರಿ. ಅವತ್ತು ಸೋತಂಗೂ ಆಗಿದ್ದಿಲ್ಲ, ಗೆದ್ದಂಗೂ ಆಗಿದ್ದಿಲ್ಲ. ಎರಡು ವಾರ ಊಟ ಸೇರಿದ್ದಿಲ್ರಿ ನನಗ."

ನಾನು ಅವನ ಮಣ್ಣು ಮೆತ್ತಿದ ಕೈ ಹಿಡಿದುಕೊಂಡು ಜನರೆದುರೇ ಅತ್ತೆ. "ಅಳಬ್ಯಾಡ್ರಿ ಸರ, ನಡೀರಿ, ಹಸಿವ್ಯಾಗ್ಯದ" ಎಂದ. ಬಸ್ ಸ್ಟ್ಯಾಂಡಿನ ಹತ್ತಿರದ ಖಾನಾವಳಿಯಲ್ಲಿ ಅವನು ನಾಲ್ಕು ರೊಟ್ಟಿ ತಿಂದ. ನಾನು ಎದುರಿಗೆ ಕೂತು ನೋಡುತ್ತಿದ್ದೆ.